ಆಡ್ರಾ ಮೆಕ್‌ಡೊನಾಲ್ಡ್ ರಂಗಜೀವನ: ಯಾವ ಮುದ್ರಿಕೆ ಕೊಳ್ಳಬೇಕು, ಯಾವುದು ಬೇಡ

ಅಮೆರಿಕದ ರಂಗನಟಿ, ಗಾಯಕಿ ಆಡ್ರಾ ಮೆಕ್‌ಡೊನಾಲ್ಡ್ ಅವರನ್ನು ಇನ್ನೂ ಕೇಳದವರು ಮೊದಲು ತರಿಸಿಕೊಳ್ಳಬೇಕಾದದ್ದು 2014ರ ‘ಲೇಡಿ ಡೇ ಅಟ್ ಎಮರ್ಸನ್ಸ್ ಬಾರ್ ಅಂಡ್ ಗ್ರಿಲ್’ ನಾಟಕದ ಎರಡು ಸಿ.ಡಿ.ಗಳ ಮುದ್ರಿಕೆ. ಪಿಎಸ್ ಕ್ಲಾಸಿಕ್ಸ್ ಸಂಸ್ಥೆ ಹೊರತಂದದ್ದು. ಬಹಳ ಜನ ಅವರ ಸೋಲೊ ಆಲ್ಬಮ್‌ಗಳಿಂದ ಶುರುಮಾಡಿ, ‘ಕಂಠ ಚೆನ್ನಾಗಿದೆ’ ಎಂದಷ್ಟೇ ಹೇಳಿ ಅಲ್ಲಿಗೇ ನಿಂತುಬಿಡುತ್ತಾರೆ. ಚೆನ್ನಾದ ಕಂಠ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕ್‌ನ ವೃತ್ತಿರಂಗಭೂಮಿಯಲ್ಲಿ, ಹತ್ತಾರು ಜನರಿಗಿದೆ. ಬ್ರಾಡ್‌ವೇಯ ಅತ್ಯುನ್ನತ ಗೌರವವಾದ ಟೋನಿ ಪ್ರಶಸ್ತಿಯನ್ನು ಸ್ಪರ್ಧೆಯಲ್ಲೇ (ಗೌರವ ಪ್ರಶಸ್ತಿ ಲೆಕ್ಕಕ್ಕಿಲ್ಲ) ಆರು ಸಲ ಗೆದ್ದ ನಟ ಅಥವಾ ನಟಿ ಇವರೊಬ್ಬರೇ. ನಟನೆಯ ನಾಲ್ಕು ವಿಭಾಗಗಳಲ್ಲೂ, ಅಂದರೆ ನಾಟಕ ಮತ್ತು ಸಂಗೀತನಾಟಕ ಎರಡರಲ್ಲೂ ಮುಖ್ಯಪಾತ್ರಕ್ಕೂ ಪೋಷಕಪಾತ್ರಕ್ಕೂ, ಗೆದ್ದವರೂ ಇವರೊಬ್ಬರೇ. ಅದಕ್ಕೆ ಕಾರಣ ಬರೀ ಕಂಠವಲ್ಲ. ಹಾಡಿನೊಳಗೆ ಪಾತ್ರ ಯೋಚಿಸುತ್ತಿರುವುದು ಕೇಳಿಸುತ್ತದೆ, ಕಾರಣ ಅದು. ಹಾಗಾಗಿ ಇಲ್ಲಿ ಪ್ರತಿ ಮುದ್ರಿಕೆಯನ್ನೂ ಒಂದೇ ಅಳತೆಗೋಲಿನಿಂದ ನೋಡಿದ್ದೇವೆ: ರಂಗದ ಮೇಲಿದ್ದ ನಟನೆ ಅದರಲ್ಲಿ ಎಷ್ಟು ಉಳಿದಿದೆ?

ಸಾಮಾನ್ಯವಾಗಿ ಕಡಿಮೆ ಉಳಿಯುತ್ತದೆ. ಅದಕ್ಕೆ ಕಾರಣ ಬ್ರಾಡ್‌ವೇ ಆಲ್ಬಮ್ ತಯಾರಾಗುವ ರೀತಿ. ವಾರಕ್ಕೆ ಎಂಟು ಪ್ರದರ್ಶನ ಕೊಡುವ ತಂಡವನ್ನು ರಜೆಯ ದಿನ ಸ್ಟುಡಿಯೊಗೆ ಕರೆಸುತ್ತಾರೆ. ನಟರ ಸಂಘದ ನಿಯಮದಂತೆ ಮುದ್ರಣದ ಒಂದು ದಿನಕ್ಕೆ ನಟರಿಗೆ ಒಂದು ವಾರದ ಸಂಬಳ ಕೊಡಬೇಕು. ಆದ್ದರಿಂದ ಇಡೀ ನಾಟಕದ ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿಬಿಡುವುದು ರೂಢಿ. ದಣಿದ ಗಂಟಲು, ಎದುರಿಗೆ ಪ್ರೇಕ್ಷಕರಿಲ್ಲ, ಸಹನಟ ಗಾಜಿನ ಆಚೆ ಇನ್ನೊಂದು ಮೈಕಿನ ಮುಂದೆ. ಹಾಡಿಗೆ ಮೊದಲಿನ ಮಾತುಗಳನ್ನೂ ಕತ್ತರಿಸುತ್ತಾರೆ. ನಾಟಕ ಕಂಪನಿಗಳ ರಂಗಗೀತೆಯ ಹಳೆಯ ಗ್ರಾಮಫೋನ್ ತಟ್ಟೆ ಕೇಳಿದವರಿಗೆ ಇದು ಹೊಸದೇನಲ್ಲ: ಹಾಡು ಉಳಿದಿರುತ್ತದೆ, ಆ ಹಾಡು ಯಾಕೆ ಹುಟ್ಟಿತು ಎಂಬುದು ಉಳಿದಿರುವುದಿಲ್ಲ.

‘ಲೇಡಿ ಡೇ’ ಈ ತೊಂದರೆಯಿಂದ ಪಾರಾಗಿದೆ. ಅದನ್ನು ಸರ್ಕಲ್ ಇನ್ ದಿ ಸ್ಕ್ವೇರ್ ರಂಗಮಂದಿರದಲ್ಲಿ, ಪ್ರೇಕ್ಷಕರ ಮುಂದೆಯೇ ಮುದ್ರಿಸಿದರು. ಹಾಡುಗಳಷ್ಟೇ ಅಲ್ಲ, ಮಾತೂ ಇದೆ. ಲೇನಿ ರಾಬರ್ಟ್‌ಸನ್ ಬರೆದ ಈ ನಾಟಕ ನಡೆಯುವುದು 1959ರ ಮಾರ್ಚ್‌ನಲ್ಲಿ, ಫಿಲಡೆಲ್ಫಿಯಾದ ಒಂದು ಸಣ್ಣ ಬಾರಿನಲ್ಲಿ. ‘ಲೇಡಿ ಡೇ’ ಎಂದೇ ಹೆಸರಾದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅಲ್ಲಿ ಹಾಡಲು ಬಂದಿದ್ದಾಳೆ. ಆಕೆಗೆ ಉಳಿದಿರುವುದು ಇನ್ನು ನಾಲ್ಕು ತಿಂಗಳು: ಅದೇ ಜುಲೈ 17ರಂದು, 44ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. 1947ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಶಿಕ್ಷೆಯಾದ ಮೇಲೆ ನ್ಯೂಯಾರ್ಕ್‌ನಲ್ಲಿ ಮದ್ಯ ಮಾರುವ ಕ್ಲಬ್‌ಗಳಲ್ಲಿ ಹಾಡಲು ಬೇಕಾದ ಪರವಾನಗಿ ಆಕೆಯ ಕೈತಪ್ಪಿತ್ತು. ಇದು ತಿಳಿದಿದ್ದರೆ, ಅಷ್ಟು ದೊಡ್ಡ ಗಾಯಕಿ ಇಷ್ಟು ಸಣ್ಣ ಬಾರಿನಲ್ಲಿ ಏಕಿದ್ದಾಳೆ ಎಂಬುದು ಮೊದಲ ನಿಮಿಷದಲ್ಲೇ ಅರ್ಥವಾಗುತ್ತದೆ. ಮುದ್ರಿಕೆ ಹಾಕುವ ಮೊದಲು ಇಷ್ಟು ತಿಳಿದುಕೊಂಡಿದ್ದರೆ ಸಾಕು.

ಆಡ್ರಾ ಇಲ್ಲಿ ಏನು ಮಾಡಿದ್ದಾರೆ ಎಂದು ತಿಳಿಯಲು ಅವರ ಸಹಜ ಕಂಠ ಯಾವುದು ಎಂಬುದು ಗೊತ್ತಿರಬೇಕು. ಅವರು ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತು 1993ರಲ್ಲಿ ಹೊರಬಂದ ಸೊಪ್ರಾನೊ, ಅಂದರೆ ಅತಿ ಎತ್ತರದ ಹೆಣ್ಣುಕಂಠ. ತಾರಸ್ಥಾಯಿಯಲ್ಲಿ ಸಲೀಸಾಗಿ ತೆರೆದುಕೊಳ್ಳುವ, ದುಂಡಗಿನ, ಕಂಪನವಿರುವ ನಾದ ಅದು. ಬಿಲ್ಲಿ ಹಾಲಿಡೇ ಕಂಠದ ಹರವು ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೊನೆಯ ವರ್ಷಗಳಲ್ಲಿ ಅದೂ ಒಡೆದಿತ್ತು. ಆದ್ದರಿಂದ ಆಡ್ರಾ ತಮ್ಮಲ್ಲಿರುವ ಬಹುಪಾಲನ್ನು ಬದಿಗಿಟ್ಟು ಹಾಡಬೇಕಾಯಿತು. ಶ್ರುತಿಯನ್ನು ಕೆಳಗಿಳಿಸಿ, ನಾದವನ್ನು ಬಾಯಿಯ ಮುಂಭಾಗಕ್ಕೆ, ಮೂಗಿನ ಹತ್ತಿರಕ್ಕೆ ತಂದಿದ್ದಾರೆ. ಅ, ಇ, ಉ ಮುಂತಾದ ಸ್ವರಾಕ್ಷರಗಳ ಉಚ್ಚಾರವನ್ನು ಹಿಂಡಿದ್ದಾರೆ. ಸಾಲಿನ ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸದೆ ಕೆಳಕ್ಕೆ ಜಾರಬಿಡುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಲಯ. ಬಾಸ್ ಮತ್ತು ಡ್ರಮ್ ಹೊಡೆತ ಬಿದ್ದ ಮೇಲೆ, ಕೂದಲೆಳೆಯಷ್ಟು ತಡವಾಗಿ ಪದ ಬರುತ್ತದೆ. ಸಾಲು ಮುಗಿಯುವಷ್ಟರಲ್ಲಿ ಹೇಗೋ ಕೂಡಿಕೊಳ್ಳುತ್ತದೆ. ಮಿಮಿಕ್ರಿ ಮಾಡುವವರು ಹಾಲಿಡೇ ಅವರ ಕರ್ಕಶತೆಯನ್ನು ಹಿಡಿಯುತ್ತಾರೆ, ಈ ತಡವನ್ನು ಹಿಡಿಯಲಾರರು. ‘ಗಾಡ್ ಬ್ಲೆಸ್ ದಿ ಚೈಲ್ಡ್’ ಹಾಡನ್ನು ಹಾಲಿಡೇ ಅವರದೇ ಹಳೆಯ ಮುದ್ರಣದ ಪಕ್ಕದಲ್ಲಿಟ್ಟು ಕೇಳಿ, ವ್ಯತ್ಯಾಸವೂ ಹೋಲಿಕೆಯೂ ಎರಡೂ ಸ್ಪಷ್ಟವಾಗುತ್ತವೆ.

ಹಾಡಿಗಿಂತಲೂ ಮಾತಿನ ಟ್ರ್ಯಾಕ್‌ಗಳನ್ನು ಬಿಡದೆ ಕೇಳಿ. ಕುಡಿತ ಏರುತ್ತ ಹೋದಂತೆ ನಾಲಿಗೆ ತೊಡರುತ್ತದೆ. ಆದರೆ ಒಂದೇ ಒಂದು ಪದವೂ ಕೇಳುಗನಿಗೆ ತಪ್ಪುವುದಿಲ್ಲ. ಅದು ತರಬೇತಿಯ ಫಲ. ಹೋಟೆಲೊಂದರಲ್ಲಿ ಕಪ್ಪುಹೆಣ್ಣು ಎಂಬ ಕಾರಣಕ್ಕೆ ಶೌಚಾಲಯ ನಿರಾಕರಿಸಿದ ಪ್ರಸಂಗವನ್ನು ಆಕೆ ನಗುನಗುತ್ತ ಹೇಳುತ್ತಾಳೆ, ಪ್ರೇಕ್ಷಕರೂ ನಗುತ್ತಾರೆ, ಮುದ್ರಿಕೆಯಲ್ಲಿ ಆ ನಗುವೂ ಇದೆ. ಆ ನಗು ಯಾವ ಕ್ಷಣದಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ. ಸ್ಟುಡಿಯೊದಲ್ಲಿ ಮುದ್ರಿಸಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಪಿಯಾನೊದಲ್ಲಿರುವ ಶೆಲ್ಟನ್ ಬೆಕ್ಟನ್ ನಾಟಕದೊಳಗೂ ಒಂದು ಪಾತ್ರ, ಜಿಮ್ಮಿ ಪವರ್ಸ್. ಆಕೆಯ ಮಾತು ದಾರಿ ತಪ್ಪಿದಾಗಲೆಲ್ಲ ಮುಂದಿನ ಹಾಡಿನ ಎರಡು ಮೂರು ಸ್ವರ ನುಡಿಸಿ ಎಳೆದು ತರುತ್ತಾನೆ. ಹೆಡ್‌ಫೋನಿನಲ್ಲಿ ಇದು ಸೊಗಸಾಗಿ ಕೇಳಿಸುತ್ತದೆ.

ಇದೇ ನಾಟಕವನ್ನು ಅಮೆರಿಕದ ಎಚ್‌ಬಿಒ ವಾಹಿನಿ ನ್ಯೂ ಆರ್ಲಿಯನ್ಸ್‌ನ ಕೆಫೆ ಬ್ರೆಜಿಲ್‌ನಲ್ಲಿ ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸಿ, 2016ರ ಮಾರ್ಚ್‌ನಲ್ಲಿ ಪ್ರಸಾರ ಮಾಡಿತು. ನಿರ್ದೇಶಕರು ರಂಗಪ್ರಯೋಗವನ್ನೂ ನಿರ್ದೇಶಿಸಿದ್ದ ಲಾನಿ ಪ್ರೈಸ್ ಅವರೇ. ಮುದ್ರಿಕೆಯಲ್ಲಿ ಕಾಣದ ಒಂದು ಮುಖ್ಯ ಸಂಗತಿ ಇಲ್ಲಿ ಕಾಣುತ್ತದೆ: ಹಾಲಿಡೇ ನಡುವೆ ಒಳಗೆ ಹೋಗಿ ಬಂದ ಮೇಲೆ ಉದ್ದನೆಯ ಕೈಗವಸು ಕೆಳಗಿಳಿದು, ಸೂಜಿಯ ಗುರುತು ತೆರೆದುಕೊಂಡಿರುತ್ತದೆ. ಅದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಆದರೂ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಮ್ಮ ಮತ ಸಿ.ಡಿ.ಗೆ. ಕ್ಯಾಮೆರಾ ಮುಖದ ಹತ್ತಿರ ಬಂದಾಗ ರಂಗಕ್ಕಾಗಿ ಅಳೆದ ಅಭಿನಯ ಕೆಲವೆಡೆ ದೊಡ್ಡದಾಗಿ ಕಾಣುತ್ತದೆ, ಕಿವಿಗೆ ಹಾಗಾಗುವುದಿಲ್ಲ. ಭಾರತದಲ್ಲಿ ಎಚ್‌ಬಿಒ ಹಕ್ಕುಗಳು ಕೈಬದಲಾಗುತ್ತಲೇ ಇವೆ. 2023ರ ಮಾರ್ಚ್ ಕೊನೆಗೆ ಹಾಟ್‌ಸ್ಟಾರ್‌ನಿಂದ ಹೋಗಿ ಜಿಯೊಸಿನಿಮಾಕ್ಕೆ ಬಂದವು, 2025ರಲ್ಲಿ ಅವೆರಡೂ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಇಂಥ ಬದಲಾವಣೆಗಳಲ್ಲಿ ಹಳೆಯ, ಸಣ್ಣ ಚಿತ್ರಗಳು ಬಿಟ್ಟುಹೋಗುವುದುಂಟು. ಇದೊಂದಕ್ಕಾಗಿಯೇ ಚಂದಾ ಕಟ್ಟುವುದಾದರೆ ಮೊದಲು ಹೆಸರು ಹುಡುಕಿ, ಪಟ್ಟಿಯಲ್ಲಿ ಇದೆಯೆಂದು ಖಚಿತ ಮಾಡಿಕೊಂಡು ಕಟ್ಟಿ.

ಎರಡನೆಯದಾಗಿ ‘ರ‍್ಯಾಗ್‌ಟೈಮ್’. 1998ರ ಜನವರಿಯಲ್ಲಿ ಬ್ರಾಡ್‌ವೇಗೆ ಬಂತು. ಸಂಗೀತ ಸ್ಟೀಫನ್ ಫ್ಲಾಹರ್ಟಿ, ಗೀತೆ ಲಿನ್ ಆರೆನ್ಸ್. ಹೆತ್ತ ಮಗುವನ್ನು ತೋಟದ ಮಣ್ಣಿನಲ್ಲಿ ಜೀವಂತ ಹುಗಿದ ಕಪ್ಪುಹೆಣ್ಣು ಸಾರಾಳ ಪಾತ್ರ ಆಡ್ರಾ ಅವರದ್ದು, ಮಗು ಬದುಕಿ ಉಳಿಯುತ್ತದೆ. ಸಾರಾ ಬಹಳ ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ‘ಯುವರ್ ಡ್ಯಾಡೀಸ್ ಸನ್’ ಬರುತ್ತದೆ. ಜೋಗುಳದ ಧಾಟಿಯಲ್ಲಿ, ಉಸಿರಿನಷ್ಟೇ ಮೆಲ್ಲಗೆ ಶುರುವಾಗಿ, ಮಾಡಿದ್ದನ್ನು ಒಪ್ಪಿಕೊಳ್ಳುವ ಜಾಗದಲ್ಲಿ ಇಡೀ ಕಂಠ ತೆರೆದುಕೊಂಡು, ಮತ್ತೆ ಜೋಗುಳಕ್ಕೆ ಇಳಿಯುತ್ತದೆ. ಈ ಹಾಡನ್ನು ಸ್ಪರ್ಧೆಗಳಲ್ಲಿ ಹಾಡುವವರು ಮಾಡುವ ತಪ್ಪೆಂದರೆ ಏರುವ ಜಾಗಕ್ಕಾಗಿ ಮೊದಲಿನಿಂದಲೇ ಶಕ್ತಿ ಕೂಡಿಡುವುದು. ಆಗ ಮೊದಲ ಭಾಗ ಜೋಗುಳವಾಗದೆ ಪೀಠಿಕೆಯಾಗಿಬಿಡುತ್ತದೆ. ಆಡ್ರಾ ಮೊದಲ ಸಾಲುಗಳನ್ನು ಮಗುವಿಗಾಗಿಯೇ ಹಾಡುತ್ತಾರೆ. ಏರು ಬಂದಾಗ ಅದು ಅವರ ಕೈಮೀರಿ ಬಂದದ್ದೆಂದು ಕೇಳುಗನಿಗೆ ಅನಿಸುತ್ತದೆ. ಬ್ರಯಾನ್ ಸ್ಟೋಕ್ಸ್ ಮಿಚೆಲ್ ಜೊತೆಗಿನ ‘ವೀಲ್ಸ್ ಆಫ್ ಎ ಡ್ರೀಮ್’ ಹೆಚ್ಚು ಪ್ರಸಿದ್ಧ. ಅದೂ ಒಳ್ಳೆಯದೇ, ಆದರೆ ನಟಿಯನ್ನು ಕೇಳಬೇಕಾದರೆ ಮೊದಲಿನದನ್ನು ಕೇಳಿ. ಸಾರಾ ಮೊದಲ ಅಂಕದ ಕೊನೆಯಲ್ಲಿ ಸಾಯುತ್ತಾಳೆ. ಎರಡನೇ ಅಂಕದಲ್ಲಿ ನೆನಪಿನ ಒಂದು ದೃಶ್ಯ ಮತ್ತು ನಾಟಕದ ಮುಕ್ತಾಯ ಬಿಟ್ಟರೆ ಆಕೆ ಇಲ್ಲ. ಪೋಷಕಪಾತ್ರಕ್ಕೆ ಟೋನಿ ಬಂದದ್ದು ಅದಕ್ಕೇ.

ಕೊಳ್ಳುವಾಗ ಎಚ್ಚರ: ‘ಸಾಂಗ್ಸ್ ಫ್ರಮ್ ರ‍್ಯಾಗ್‌ಟೈಮ್’ ಎಂಬ ಒಂದೇ ಡಿಸ್ಕಿನ ಆಲ್ಬಮ್ 1996ರದ್ದು, ನಾಟಕ ರಂಗಕ್ಕೆ ಬರುವ ಮೊದಲು ಮಾಡಿದ್ದು. ಅದರಲ್ಲೂ ಆಡ್ರಾ ಇದ್ದಾರೆ. ಆದರೆ ತಿಂಗಳುಗಟ್ಟಲೆ ಆಡಿದ ಪಾತ್ರವಲ್ಲ ಅದು. ನಿಮಗೆ ಬೇಕಾದದ್ದು 1998ರ ಎರಡು ಡಿಸ್ಕಿನದ್ದು. ಆಯ್ದ ಹಾಡುಗಳಷ್ಟೇ ಅಲ್ಲದೆ ನಾಟಕದ ಹೆಚ್ಚಿನ ಭಾಗ ಅದರಲ್ಲಿದೆ.

ಇಂಥದೇ ಗೊಂದಲ ‘ಕ್ಯಾರೊಸೆಲ್’ನಲ್ಲೂ ಇದೆ, ಇನ್ನೂ ಹೆಚ್ಚು. ನಿಕೋಲಸ್ ಹೈಟ್ನರ್ ನಿರ್ದೇಶನದ ಈ ಪ್ರಯೋಗ ಮೊದಲು ಲಂಡನ್ನಿನ ನ್ಯಾಷನಲ್ ಥಿಯೇಟರ್‌ನದು. ಅಲ್ಲಿ ಕ್ಯಾರಿ ಪಾತ್ರ ಜೇನಿ ಡೀ ಅವರದ್ದು, ಆ ತಂಡದ ಆಲ್ಬಮ್ ಬೇರೆ. 1994ರಲ್ಲಿ ಲಿಂಕನ್ ಸೆಂಟರ್‌ನ ವಿವಿಯನ್ ಬೋಮಾಂಟ್ ರಂಗಮಂದಿರಕ್ಕೆ ಬಂದಾಗ ಕ್ಯಾರಿಯಾದವರು ಆಡ್ರಾ. ‘1994’ ಮತ್ತು ‘ಬ್ರಾಡ್‌ವೇ’ ಎರಡೂ ನೋಡಿ ಕೊಳ್ಳಿ. ಇಪ್ಪತ್ಮೂರರ ಹುಡುಗಿ ‘ಮಿಸ್ಟರ್ ಸ್ನೋ’ ಹಾಡುವಾಗ ನಗು ಎಲ್ಲಿಂದ ಬರುತ್ತದೆಂದರೆ, ಮೀನಿನ ವಾಸನೆ ಹೊಡೆಯುವ ಮದುವೆ ಗಂಡನನ್ನು ಆಕೆ ನಿಜವಾಗಿ ಮೆಚ್ಚುತ್ತಿದ್ದಾಳೆ ಎಂಬುದರಿಂದ. ಹಾಸ್ಯಕ್ಕೆಂದು ಏನನ್ನೂ ಎಳೆದಿಲ್ಲ. ಮೊದಲ ಟೋನಿ ಇದಕ್ಕೇ.

2012ರ ‘ಪೋರ್ಗಿ ಅಂಡ್ ಬೆಸ್’ ಬಗ್ಗೆ ನಮ್ಮ ಅಭಿಪ್ರಾಯ ಸ್ವಲ್ಪ ಮಿಶ್ರ. ಡಯೇನ್ ಪೌಲಸ್ ನಿರ್ದೇಶನ, ಸೂಝನ್-ಲೋರಿ ಪಾರ್ಕ್ಸ್ ಅವರ ರಂಗರೂಪ. ಮೂಲದಲ್ಲಿ ಇದು ಜಾರ್ಜ್ ಗರ್ಶ್‌ವಿನ್ ಅವರ ಅಪೆರಾ, ಅಂದರೆ ಮಾತಿನ ಬದಲು ಹಾಡೇ ಇರುವ ನಾಟಕ. ಅದನ್ನು ಬ್ರಾಡ್‌ವೇಗೆ ಹೊಂದಿಸಲು ಉದ್ದ ಕಡಿಮೆ ಮಾಡಿ, ಹಾಡಿ ಹೇಳುತ್ತಿದ್ದ ಕೆಲವು ಭಾಗಗಳನ್ನು ಮಾತಾಗಿಸಿ, ವಾದ್ಯಮೇಳವನ್ನೂ ಹೊಸದಾಗಿ ಹೊಂದಿಸಿದರು. ಪ್ರದರ್ಶನ ಶುರುವಾಗುವ ಮೊದಲೇ ಹೆಸರಾಂತ ಸಂಗೀತನಾಟಕಕಾರ ಸ್ಟೀಫನ್ ಸೋಂಡ್‌ಹೈಮ್ ಇದನ್ನು ಖಂಡಿಸಿ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದಿದ್ದರು. ಅಪೆರಾ ತಂಡಗಳ ಮುದ್ರಿಕೆ ಕೇಳಿ ಅಭ್ಯಾಸವಾದವರಿಗೆ ಇಲ್ಲಿನ ವಾದ್ಯಮೇಳ ತೆಳುವೆನಿಸುತ್ತದೆ, ಆ ದೂರು ನಿಜ. ಆದರೆ ಬೆಸ್ ಮಾತ್ರ ಬೇರೆಲ್ಲೂ ಹೀಗೆ ಸಿಗುವುದಿಲ್ಲ. ಹಳೆಯ ಪ್ರಿಯಕರ ಕ್ರೌನ್ ದ್ವೀಪವೊಂದರಲ್ಲಿ ಆಕೆಯನ್ನು ಅಡ್ಡಗಟ್ಟಿದಾಗಿನ ಯುಗಳ ‘ವಾಟ್ ಯು ವಾಂಟ್ ವಿದ್ ಬೆಸ್’ ಕೇಳಿ: ಬೇಡ ಎನ್ನುವ ಪದಗಳು, ಸೋಲುತ್ತಿರುವ ಉಸಿರು, ಎರಡೂ ಒಟ್ಟಿಗೆ. ರಂಗದ ಮೇಲೆ ಆಕೆಯ ಕೆನ್ನೆಯ ಮೇಲೊಂದು ಗಾಯದ ಗೆರೆ ಇತ್ತು. ಆಕೆ ಹಿಂದೆ ಬದುಕಿದ್ದು ಹೇಗೆಂದು ಅದೇ ಹೇಳುತ್ತಿತ್ತು. ಆಲ್ಬಮ್‌ನಲ್ಲಿ ಅದಿಲ್ಲ. ಆ ಕೆಲಸವನ್ನೂ ಕಂಠವೇ ಮಾಡಬೇಕು, ಮಾಡಿದೆ ಕೂಡ. ಸ್ಟ್ರೀಮಿಂಗ್‌ನಲ್ಲಿ ಹುಡುಕುವಾಗ ಮೆಟ್ರೊಪಾಲಿಟನ್ ಅಪೆರಾದ ಇತ್ತೀಚಿನ ಮುದ್ರಿಕೆ ಮೊದಲು ಬರಬಹುದು. ಪೋರ್ಗಿಯಾಗಿದ್ದ ‘ನಾರ್ಮ್ ಲೂಯಿಸ್’ ಹೆಸರು ಸೇರಿಸಿ ಹುಡುಕಿದರೆ ಸರಿಯಾದದ್ದು ಸಿಗುತ್ತದೆ.

‘110 ಇನ್ ದಿ ಶೇಡ್’ (2007) ಕಡಿಮೆ ಜನ ಕೇಳಿರುವ, ಹೆಚ್ಚು ಜನ ಕೇಳಬೇಕಾದ ಆಲ್ಬಮ್. ಬರಗಾಲದ ಊರು, ಮದುವೆಯಾಗದೆ ಉಳಿದ ಲಿಜ್ಜಿ. ಮೊದಲ ಅಂಕವನ್ನು ಮುಗಿಸುವ ‘ಓಲ್ಡ್ ಮೇಡ್’ ಒಂದಕ್ಕೇ ಕೊಟ್ಟ ಹಣ ಸಾರ್ಥಕ. ‘ಮರಿ ಕ್ರಿಸ್ಟೀನ್’ (1999) ಗ್ರೀಕ್ ದುರಂತನಾಟಕದ ನಾಯಕಿ ಮೀಡಿಯಾಳ ಕಥೆಯನ್ನು 1890ರ ದಶಕದ ನ್ಯೂ ಆರ್ಲಿಯನ್ಸ್‌ಗೆ ತಂದದ್ದು. ಸಂಗೀತ ಮೈಕೆಲ್ ಜಾನ್ ಲಾಕ್ಯೂಸಾ. ಮೊದಲ ಸಲ ಕೇಳಿದಾಗ ರಾಗ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಡುಗಳ ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ.

ಮಾತಿನ ನಾಟಕಗಳಿಗೆ ಬಂದರೆ ಅಂಗಡಿ ಖಾಲಿ. ಸಂಗೀತನಾಟಕಕ್ಕೆ ಆಲ್ಬಮ್ ಬರುತ್ತದೆ, ಮಾತಿನ ನಾಟಕಕ್ಕೆ ಬರುವುದಿಲ್ಲ. 1996ರಲ್ಲಿ ಎರಡನೇ ಟೋನಿ ತಂದ ‘ಮಾಸ್ಟರ್ ಕ್ಲಾಸ್’ನಲ್ಲಿ ಅಪೆರಾ ಗಾಯಕಿ ಮರಿಯಾ ಕಲಾಸ್ ಆಗಿದ್ದ ಝೋಯಿ ಕಾಲ್ಡ್‌ವೆಲ್ ಎದುರು ವಿದ್ಯಾರ್ಥಿನಿಯಾಗಿ ಆಡ್ರಾ ವರ್ಡಿಯ ‘ಮ್ಯಾಕ್‌ಬೆತ್’ ಅಪೆರಾದ ಹಾಡನ್ನು ರಂಗದ ಮೇಲೇ ಹಾಡಬೇಕಿತ್ತು. 2019ರ ‘ಫ್ರ್ಯಾಂಕಿ ಅಂಡ್ ಜಾನಿ’, 2022ರಲ್ಲಿ ಏಡ್ರಿಯನ್ ಕೆನಡಿ 91ನೇ ವಯಸ್ಸಿನಲ್ಲಿ ಮೊದಲ ಸಲ ಬ್ರಾಡ್‌ವೇ ಕಂಡ ‘ಓಹಾಯೊ ಸ್ಟೇಟ್ ಮರ್ಡರ್ಸ್’, ಇವೂ ಮಾತಿನ ನಾಟಕಗಳೇ. ಸಿಗುವುದು ‘ಎ ರೇಸಿನ್ ಇನ್ ದಿ ಸನ್’ ಒಂದು. 2004ರ ಪ್ರಯೋಗದ ಮುಖ್ಯ ನಟನಟಿಯರನ್ನೇ ಇಟ್ಟುಕೊಂಡು ಅದೇ ನಿರ್ದೇಶಕ ಕೆನಿ ಲಿಯಾನ್ 2008ರಲ್ಲಿ ಎಬಿಸಿ ವಾಹಿನಿಗೆ ಚಿತ್ರ ಮಾಡಿದರು. ಒಂದೇ ಮನೆಯೊಳಗೆ ಉಸಿರುಗಟ್ಟುವ ನಾಟಕವನ್ನು ಬೀದಿಗೆ, ಬಾರಿಗೆ ಒಯ್ದಿದ್ದಾರೆ. ಆ ಒತ್ತಡ ಅಲ್ಲಿ ಸಡಿಲವಾಗಿದೆ. ಆದರೂ ರೂತ್ ಆಗಿ ಆಡ್ರಾ ಇಸ್ತ್ರಿ, ಅಡುಗೆ ಮುಂತಾದ ಮನೆಗೆಲಸದ ನಡುವೆ ಗಂಡನ ಮಾತಿಗೆ ಉತ್ತರ ಕೊಡದೆ ಇರುವ ರೀತಿ ನೋಡಲೇಬೇಕಾದದ್ದು. ಇಲ್ಲಿ ಹಾಡಿಲ್ಲ, ಕಂಠದ ಆಸರೆ ಇಲ್ಲ. ಅವರು ನಟಿ ಹೌದೋ ಅಲ್ಲವೋ ಎಂದು ಅನುಮಾನವಿರುವವರಿಗೆ ಇದನ್ನೇ ತೋರಿಸಬೇಕು.

ವಿಡಿಯೊದಲ್ಲಿ ಇನ್ನೊಂದು ಗಟ್ಟಿಯಾದದ್ದು ಲಾಸ್ ಏಂಜಲಿಸ್ ಅಪೆರಾ ತಂಡ ಆಡಿದ, ಕರ್ಟ್ ವೈಲ್ ಅವರ ಅಪೆರಾ ‘ಮಹಗಾನಿ’ (2007), ಜೇಮ್ಸ್ ಕಾನ್ಲನ್ ಸಂಗೀತ ನಿರ್ವಹಣೆ, ಪ್ಯಾಟಿ ಲುಪೋನ್ ಜೊತೆಗೆ. ಡಿ.ವಿ.ಡಿ. ಕೊಳ್ಳುವಾಗ ಹಿಂಬದಿಯಲ್ಲಿ ರೀಜನ್ ಸಂಖ್ಯೆ ನೋಡಿ: 0 ಎಂದಿದ್ದರೆ ಎಲ್ಲೆಡೆ ಓಡುತ್ತದೆ, 1 ಎಂದಿದ್ದರೆ ಅಮೆರಿಕದ್ದು, ಭಾರತದ 5ನೇ ರೀಜನ್ ಪ್ಲೇಯರ್‌ನಲ್ಲಿ ಓಡದು. ‘ಸ್ವೀನಿ ಟಾಡ್’ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ 2000ದ ಸಿ.ಡಿ.ಯಲ್ಲಿ ಭಿಕ್ಷುಕಿಯಾಗಿ ಆಡ್ರಾ ಇದ್ದಾರೆ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ಡಿ.ವಿ.ಡಿ.ಯಲ್ಲಿ ಲುಪೋನ್ ಮತ್ತು ಜಾರ್ಜ್ ಹರ್ನ್ ಅವರೇ ಇದ್ದರೂ ಆ ಪಾತ್ರ ವಿಕ್ಟೋರಿಯಾ ಕ್ಲಾರ್ಕ್ ಅವರದ್ದು.

ಕೊನೆಯದಾಗಿ ‘ಜಿಪ್ಸಿ’. 2024ರ ಡಿಸೆಂಬರ್‌ನಿಂದ 2025ರ ಆಗಸ್ಟ್‌ವರೆಗೆ ಮೆಜೆಸ್ಟಿಕ್ ರಂಗಮಂದಿರದಲ್ಲಿ ನಡೆಯಿತು, ನಿರ್ದೇಶನ ಜಾರ್ಜ್ ಸಿ. ವುಲ್ಫ್. ಮಕ್ಕಳನ್ನು ರಂಗಕ್ಕೆ ತಳ್ಳುವ ತಾಯಿ ರೋಸ್ ಪಾತ್ರವನ್ನು ಬ್ರಾಡ್‌ವೇಯಲ್ಲಿ ಮಾಡಿದ ಮೊದಲ ಕಪ್ಪುನಟಿ ಆಡ್ರಾ. ಇದು ಅವರ ಹನ್ನೊಂದನೇ ಟೋನಿ ನಾಮನಿರ್ದೇಶನ, ನಟನಟಿಯರಲ್ಲಿ ಅದೂ ದಾಖಲೆ. 1959ರಲ್ಲಿ ಎಥೆಲ್ ಮರ್ಮನ್ ಅವರ ತುತ್ತೂರಿಯಂಥ ಕಂಠಕ್ಕೆಂದೇ ಕಟ್ಟಿದ ಹಾಡುಗಳಿವು. ಆಡ್ರಾ ಎತ್ತರದ ಸ್ವರಗಳಲ್ಲಿ ಎದೆಯ ಕಂಠ (ಮಾತಿನಂಥ ಗಟ್ಟಿ ದನಿ) ಬಿಟ್ಟು ಸೊಪ್ರಾನೊಗೆ ಏರುತ್ತಾರೆ. ಹಲವರಿಗೆ ಇದು ಒಗ್ಗಲಿಲ್ಲ. ನಮಗೆ ಒಗ್ಗಿತು, ಕಾರಣ ಕೊನೆಯ ‘ರೋಸಸ್ ಟರ್ನ್’ ಹಾಡು. ಅಲ್ಲಿ ಕಂಠ ಎದೆಯಿಂದ ತಲೆಗೆ ಹಾರುವ ಬಿರುಕು, ಮಕ್ಕಳ ಹೆಸರಿನಲ್ಲಿ ತಾನೇ ಮೆರೆಯಬೇಕೆಂದಿದ್ದ ತಾಯಿಯ ಮನಸ್ಸಿನ ಬಿರುಕಾಗಿ ಕೇಳಿಸುತ್ತದೆ. ಆದರೆ ಇದರಿಂದ ಶುರುಮಾಡಬೇಡಿ. ಮೊದಲು ‘ರ‍್ಯಾಗ್‌ಟೈಮ್’ ಕೇಳಿದ್ದರೆ ಇಲ್ಲಿ ಅವರು ಎಷ್ಟು ಅಪಾಯಕ್ಕೆ ಒಡ್ಡಿಕೊಂಡಿದ್ದಾರೆಂದು ತಿಳಿಯುತ್ತದೆ.

ಕೇಳುವ ಕ್ರಮದ ಬಗ್ಗೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಷಫಲ್ ಆಫ್ ಮಾಡಿ. ‘ಲೇಡಿ ಡೇ’ಯನ್ನು ಷಫಲ್‌ನಲ್ಲಿ ಹಾಕಿದರೆ ಕುಡಿದವಳು ಎಚ್ಚರಾಗಿ ಮತ್ತೆ ಕುಡಿದಂತಾಗುತ್ತದೆ. ಟ್ರ್ಯಾಕ್‌ಗಳ ನಡುವೆ ಮೌನ ಸೇರಿಸುವ, ಒಂದರಮೇಲೊಂದು ಬೆರೆಸುವ ಸೆಟ್ಟಿಂಗ್‌ಗಳನ್ನೂ ತೆಗೆಯಿರಿ. ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಗಟ್ಟಿತನಕ್ಕೆ ತರುವ ಸೌಲಭ್ಯ ಇದ್ದರೆ ಅದೂ ಬೇಡ: ಪಿಸುಮಾತು ಹಾಡಿನಷ್ಟೇ ಜೋರಾದರೆ ನಾಟಕವೇ ಇಲ್ಲ. ಫೋನಿನ ಸ್ಪೀಕರ್‌ನಲ್ಲಿ ಬಾಸ್ ಕೇಳಿಸದು. ಬಾಸ್ ಕೇಳಿಸದಿದ್ದರೆ ಪದ ತಡವಾಗಿ ಬೀಳುವುದು ಗೊತ್ತಾಗುವುದಿಲ್ಲ. ಸಾಧಾರಣ ತಂತಿಯ ಹೆಡ್‌ಫೋನ್ ಸಾಕು.

ಆಡ್ರಾ ನಟಿಸಿದ 2016ರ ಸಂಗೀತನಾಟಕ ‘ಷಫಲ್ ಅಲಾಂಗ್’ಗೆ ಹತ್ತು ಟೋನಿ ನಾಮನಿರ್ದೇಶನ ಬಂದರೂ ಆಲ್ಬಮ್ ಬರಲೇ ಇಲ್ಲ. ಇಂಥವಕ್ಕೆ, ಮಾತಿನ ನಾಟಕಗಳಿಗೆ ಉಳಿಯುವ ಒಂದೇ ದಾರಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರಂಗಕಲಾ ಶಾಖೆಯಲ್ಲಿರುವ ನಾಟಕ ವಿಡಿಯೊ ಭಂಡಾರ. ಬೆಟ್ಟಿ ಕಾರ್ವಿನ್ 1970ರಲ್ಲಿ ಶುರುಮಾಡಿದ್ದು, ವಿಳಾಸ ಲಿಂಕನ್ ಸೆಂಟರ್ ಆವರಣ. ನಟರು, ವಾದಕರು, ಲೇಖಕರು, ತಂತ್ರಜ್ಞರ ಸಂಘಗಳೆಲ್ಲ ಒಪ್ಪಿ, ಮಾರುವಂತಿಲ್ಲ, ಹೊರಗೆ ತೋರಿಸುವಂತಿಲ್ಲ ಎಂಬ ಷರತ್ತಿನ ಮೇಲೆ ಚಿತ್ರೀಕರಣಕ್ಕೆ ಬಿಟ್ಟಿದ್ದಾರೆ. ಆದ್ದರಿಂದ ಅಲ್ಲಿಗೇ ಹೋಗಿ ನೋಡಬೇಕು. ಗ್ರಂಥಾಲಯದ ಕಾರ್ಡ್ ಬೇಕು, ಮುಂಚಿತವಾಗಿ ಸಮಯ ಪಡೆಯಬೇಕು. ಅಧ್ಯಯನ ಅಥವಾ ವೃತ್ತಿಯ ಕಾರಣ ಹೇಳಬೇಕು. ‘ನೋಡಲು ಆಸೆ’ ಎಂದಷ್ಟೇ ಬರೆದರೆ ನಡೆಯದು, ರಂಗಶಿಕ್ಷಣ, ಲೇಖನ, ಅನುವಾದ, ನಿರ್ದೇಶನದ ತಯಾರಿ ಎಂದು ನಿಜವಿದ್ದದ್ದನ್ನು ಸ್ಪಷ್ಟವಾಗಿ ಬರೆಯಿರಿ. ಒಂದು ಪ್ರಯೋಗವನ್ನು ಒಬ್ಬರು ಒಮ್ಮೆ ನೋಡಬಹುದು, ಅಷ್ಟೇ. ಹಾಗಾಗಿ ನಾಟಕದ ಪಠ್ಯ ಓದಿಕೊಂಡು, ಯಾವ ದೃಶ್ಯದಲ್ಲಿ ಏನನ್ನು ಗಮನಿಸಬೇಕೆಂದು ಮೊದಲೇ ಗುರುತು ಹಾಕಿಕೊಂಡು ಹೋಗಿ. ಎಲ್ಲ ಪ್ರಯೋಗಗಳೂ ಅಲ್ಲಿರುವುದಿಲ್ಲ. ನಾಟಕ, ವರ್ಷ, ರಂಗಮಂದಿರ ಮೂರನ್ನೂ ಹಾಕಿ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಹುಡುಕಿ, ಸಿಕ್ಕ ದಾಖಲೆಯ ವಿವರವನ್ನು ಅರ್ಜಿಯಲ್ಲಿ ಬರೆಯಿರಿ. ನ್ಯೂಜೆರ್ಸಿಯ ಎಡಿಸನ್ ಕಡೆಯ ಕನ್ನಡಿಗರಿಗೆ ಇದು ಒಂದು ದಿನದ ಕೆಲಸ: ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ಪೆನ್ ಸ್ಟೇಷನ್, ಅಲ್ಲಿಂದ 1ನೇ ಸಂಖ್ಯೆಯ ಸಬ್‌ವೇಯಲ್ಲಿ 66ನೇ ಬೀದಿ. ನಾಟಕ ಪೂರ್ತಿ ನೋಡಲು ಎರಡೂವರೆ, ಮೂರು ಗಂಟೆ ಹಿಡಿಯಬಹುದು, ಶಾಖೆ ಮುಚ್ಚುವ ಹೊತ್ತನ್ನು ಲೆಕ್ಕ ಹಾಕಿ ಬೆಳಗಿನ ಸಮಯವನ್ನೇ ಕೇಳಿ.